ಪೆಟ್ಟಿನ ಪುಸ್ತಕಕ್ಕೆ ಒಂದು ಹೆಚ್ಚಿನ ಕಾಲಂ

ನಮ್ಮ ಶಾಲೆಯಲ್ಲಿ ಹಾಜರಿಗೆ ಒಂದು ಪುಸ್ತಕ ಇದ್ದ ಹಾಗೆ ಪೆಟ್ಟಿಗೂ ಒಂದು ಪುಸ್ತಕ ಇತ್ತು. ಉದ್ದನೆಯದು, ರಟ್ಟಿನ ಬೈಂಡಿನದು. ಯಾವ ಮಾಷ್ಟ್ರು ಯಾವ ಹುಡುಗನಿಗೆ ಬೆತ್ತ ಮುಟ್ಟಿಸಿದರೂ ಅದೇ ದಿನ ಸಂಜೆಯ ಗಂಟೆ ಹೊಡೆಯುವ ಮೊದಲು ಅದರಲ್ಲಿ ಬರೆಯಬೇಕು. ತಾರೀಕು, ಹುಡುಗನ ಹೆಸರು, ಮಾಡಿದ ತಪ್ಪು, ಕೊಟ್ಟ ಪೆಟ್ಟು ಎಷ್ಟು, ಕೊಟ್ಟವರ ರುಜು. ಹೀಗೆ ಐದು ಕಾಲಂ. ಎಂಟನೆಯ ಕ್ಲಾಸಿನ ಜೊತೆಗೆ ಆ ಪುಸ್ತಕದ ಉಸ್ತುವಾರಿಯೂ ನನ್ನ ತಲೆಗೇ ಬಂದಿತ್ತು.

ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಕಾಸರಗೋಡು ಆಗ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ನಾನು ಮೊಗ್ರಾಲಿನ ಕಡಲಕರೆಯವ. ಶಾಲೆ ಇದ್ದದ್ದು ಅಲ್ಲಿಂದ ಎಷ್ಟೋ ಒಳಗೆ, ಒಂದು ಕೆಂಪು ಮುರಕಲ್ಲಿನ ಗುಡ್ಡದ ತಲೆಯ ಮೇಲೆ. ಒಂದೇ ಒಂದು ಉದ್ದನೆಯ ಹಾಲ್, ಕ್ಲಾಸಿಗೂ ಕ್ಲಾಸಿಗೂ ನಡುವೆ ಬಿದಿರಿನ ತಟ್ಟಿ. ಎರಡನೆಯ ಕ್ಲಾಸಿನವರು ಮಗ್ಗಿ ಹೇಳಿದರೆ ಎಂಟನೆಯವರಿಗೆ ಲೆಕ್ಕ ತಪ್ಪುತ್ತಿತ್ತು. ಸರಕಾರದ ಗ್ರ್ಯಾಂಟಿನಲ್ಲಿ ನಡೆಯುವ ಖಾಸಗಿ ಶಾಲೆಯಾದ್ದರಿಂದ ನಮ್ಮನ್ನು ಇಡುವುದೂ ತೆಗೆಯುವುದೂ ಮ್ಯಾನೇಜರ ಕೈಯಲ್ಲಿತ್ತು.

ಆ ವರ್ಷ ಪುಸ್ತಕದ ಒಂದು ಪುಟವನ್ನು ಒಬ್ಬನೇ ಹುಡುಗ ಹಿಡಿದುಬಿಟ್ಟಿದ್ದ. ಜೂನಿನಿಂದ ನವರಾತ್ರಿಯೊಳಗೆ ಏಳು ಸಲ. ಒಬ್ಬನಿಗೆ ಕೊಡೆಯ ಹಿಡಿಯಲ್ಲಿ, ಒಬ್ಬನಿಗೆ ಸ್ಲೇಟಿನಲ್ಲಿ, ಮತ್ತೊಬ್ಬನಿಗೆ ಬರಿಗೈಯಲ್ಲಿ. ಹದಿನೈದರ ಪ್ರಾಯ, ತೆಳ್ಳಗಿನ ಉದ್ದ ಶರೀರ, ಮಾತು ಬಹಳ ಕಡಿಮೆ. ತನಗಿಂತ ದೊಡ್ಡವರಿಗೂ ಹೊಡೆಯುತ್ತಿದ್ದ. ವಿಚಿತ್ರವೆಂದರೆ, ಹೊಡೆದಾದ ಮೇಲೆ ಓಡುತ್ತಿರಲಿಲ್ಲ. ತಾನೇ ಬಂದು ಮೇಜಿನ ಮುಂದೆ ನಿಂತು ಅಂಗೈ ಚಾಚುತ್ತಿದ್ದ.

“ಎಷ್ಟು, ಮಾಷ್ಟ್ರೇ?”

ನಾವು ಹೇಳಿದಷ್ಟನ್ನು ತೆಗೆದುಕೊಂಡು ಹೋಗಿ ಕೂತುಕೊಳ್ಳುತ್ತಿದ್ದ. ‘ಭಂಡ’ ಎಂದು ಹೆಡ್ಮಾಷ್ಟ್ರು ಹೇಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ನವರಾತ್ರಿ ರಜೆ ಕಳೆದು ಶಾಲೆ ತೆರೆದ ವಾರ. ರೇಖಾಗಣಿತದ ಪಾಠ. ಬೋರ್ಡಿನ ಮೇಲೆ ವೃತ್ತ ಎಳೆಯಲು ಮರದ ದೊಡ್ಡ ಕೈವಾರವೊಂದಿತ್ತು. ಅದರ ಒಂದು ಕಾಲಿಗೆ ಸೀಮೆಸುಣ್ಣ, ಇನ್ನೊಂದಕ್ಕೆ ಕಬ್ಬಿಣದ ಮೊನೆ. ಈ ಹುಡುಗನನ್ನು ಕರೆದೆ. ಎಳೆದ. ಕೈ ಜಾರಿ, ಹೊರಟ ಜಾಗಕ್ಕೆ ಗೆರೆ ಬಂದು ಸೇರಲಿಲ್ಲ. ಪಾಠದ ನಡುವೆ ನಗೆಚಾಟಿಕೆ ಮಾಡುವುದು ನನಗೆ ಮೊದಲಿನಿಂದಲೂ ರೂಢಿ.

“ಎಂತದು ಮಾರಾಯ, ನಿನ್ನ ವೃತ್ತಕ್ಕೆ ಬಾಲ ಬಂತಲ್ಲ! ನಿನ್ನನ್ನು ಮನೆಯವರು ತೌಡು ಕೊಟ್ಟು ತಂದದ್ದಾ ಹೇಗೆ?”

ಕ್ಲಾಸು ಘೊಳ್ಳೆಂದು ನಕ್ಕಿತು. ನನ್ನ ಮಾತಿಗೆ ಯಾವತ್ತೂ ಅಷ್ಟು ನಗು ಬಿದ್ದದ್ದಿಲ್ಲ. ಇಷ್ಟು ಯಾಕೆ ನಗುತ್ತಾರೆಂದು ನಾನು ತಿರುಗುವಷ್ಟರಲ್ಲಿ ಕೈವಾರದ ಮೊನೆ ನನ್ನ ಎಡ ಹುಬ್ಬಿನ ಮೇಲೆ ಇಳಿದಿತ್ತು.

ಈ ಮಾತು ನಮ್ಮ ಕಡೆಯಲ್ಲಿ ಕೇಳದ ಮಕ್ಕಳಿಲ್ಲ. ಹಟ ಮಾಡಿದಾಗ, ದಡ್ಡತನ ಮಾಡಿದಾಗ, ‘ನೀನು ನಮ್ಮ ಮಗು ಅಲ್ಲ, ತೌಡು ಕೊಟ್ಟು ತಂದದ್ದು’ ಎಂದು ಮನೆಯ ಹಿರಿಯರು ಕಾಡಿಸುತ್ತಾರೆ. ನನ್ನ ಅಜ್ಜಿಯೂ ನನಗೆ ಹೇಳಿದ್ದಳು. ನಾನು ಅತ್ತ ಮೇಲೆ ಸೆರಗಿನಲ್ಲಿ ಮೂಗು ಒರಸಿ, ‘ಎರಡು ಸೇರು ಕೊಟ್ಟದ್ದು, ಒಳ್ಳೆಯ ತೌಡು’ ಎಂದು ಇನ್ನೊಮ್ಮೆ ನಗಿಸಿದ್ದಳು. ಈ ಹುಡುಗನ ಮಟ್ಟಿಗೆ ಅದು ನಿಜವಾಗಿಯೂ ನಡೆದ ಸಂಗತಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೊರಗಿನಿಂದ ಬಂದ ನನಗೆ ಮಾತ್ರ ಗೊತ್ತಿರಲಿಲ್ಲ.

ಹೆಡ್ಮಾಷ್ಟ್ರು ಓಡಿ ಬಂದರು. ಗುಡ್ಡದಲ್ಲೆಲ್ಲ ಆಗ ಹೊಸತಾಗಿ ಹಬ್ಬುತ್ತಿದ್ದ ಕಮ್ಯುನಿಸ್ಟ್ ಸೊಪ್ಪೆಂಬ ಕಳೆಯನ್ನು ತರಿಸಿ, ಕೈಯಲ್ಲೇ ತಿಕ್ಕಿ, ರಸವನ್ನು ಗಾಯಕ್ಕೆ ಹಿಂಡಿ ಪಟ್ಟಿ ಕಟ್ಟಿದರು. ಹುಡುಗ ಕೈವಾರವನ್ನು ಮೇಜಿನ ಮೇಲೆ ಇಟ್ಟು ಅಂಗೈ ಚಾಚಿ ನಿಂತಿದ್ದ. ಅವನ ಮುಖ ನನಗಿಂತ ಹೆಚ್ಚು ಬಿಳಿಚಿತ್ತು. ಹೆಡ್ಮಾಷ್ಟ್ರು ಹನ್ನೆರಡು ಕೊಟ್ಟರು. ಪುಸ್ತಕದಲ್ಲಿ ಎಂಟನೆಯ ಸಾಲು ಬಿತ್ತು.

ಮರುದಿನ ಮ್ಯಾನೇಜರು ಬಂದರು. ಜೊತೆಗೆ ಹುಡುಗನ ಸೋದರಮಾವ. ಇಬ್ಬರೂ ಸ್ನೇಹಿತರು. ಮಾವ ಊರಿನಲ್ಲಿ ಮರ್ಯಾದೆಯ ಮನುಷ್ಯ, ಗದ್ದೆ ಹಿತ್ತಿಲು ಇದ್ದವರು. ತುಳು ಮನೆತನ, ಅಳಿಯಕಟ್ಟು. ಅಂದರೆ ಆ ಮನೆಗೆ ಸೋದರಳಿಯನೇ ಮುಂದಿನ ಯಜಮಾನ. ತಂದೆ ಘಟ್ಟ ಹತ್ತಿ ಹೋದವನು ತಿರುಗಿ ಬರಲಿಲ್ಲ, ತಾಯಿ ಹುಡುಗನಿಗೆ ಆರು ವರ್ಷವಾಗಿದ್ದಾಗ ತೀರಿಕೊಂಡಳು. ಅಂದಿನಿಂದ ಸಾಕಿದವರು ಈ ಮಾವ.

“ಇನ್ನು ಯೋಚನೆ ಎಂತದು? ಹೆಸರು ಹೊಡೆದು ಹಾಕಿ” ಎಂದರು ಮ್ಯಾನೇಜರು. “ಮಾಷ್ಟ್ರೇ, ನೀವು ರಿಪೋರ್ಟು ಬರೆಯಿರಿ. ಸಾಕ್ಷಿ ನಿಮ್ಮ ಹಣೆಯಲ್ಲೇ ಉಂಟು.”

ಒಬ್ಬ ಹುಡುಗನನ್ನು ಶಾಲೆಯಿಂದ ತೆಗೆಯಬೇಕಾದರೆ ಮೂರು ಕಾಗದ ಬೇಕಿತ್ತು. ಮೊದಲು ಕ್ಲಾಸು ಮಾಷ್ಟ್ರ ರಿಪೋರ್ಟು, ಅದರ ಮೇಲೆ ಹೆಡ್ಮಾಷ್ಟ್ರ ಶಿಫಾರಸು, ಕಡೆಗೆ ಮ್ಯಾನೇಜರ ಆರ್ಡರು. ಹಾಗೆ ತೆಗೆದವನ ಸರ್ಟಿಫಿಕೇಟಿನಲ್ಲಿ ‘ನಡತೆ’ ಎಂಬ ಜಾಗದಲ್ಲಿ ‘ಕೆಟ್ಟದು’ ಎಂದು ಬೀಳುತ್ತದೆ. ಅದನ್ನು ಹಿಡಿದುಕೊಂಡು ಹೋದರೆ ಬೇರೆ ಶಾಲೆಯ ಮೆಟ್ಟಿಲು ಹತ್ತಿಸುವವರಿಲ್ಲ. ಎಂಟನೆಯ ಕ್ಲಾಸಿನ ಸರಕಾರಿ ಪರೀಕ್ಷೆಗೆ ಹೆಸರುಗಳನ್ನು ಕಳಿಸಲು ಇನ್ನು ಒಂದು ತಿಂಗಳೂ ಇರಲಿಲ್ಲ. ಆ ಪರೀಕ್ಷೆ ಪಾಸಾದರೆ ಟ್ರೈನಿಂಗ್ ಶಾಲೆಗೋ ಯಾವುದಾದರೂ ಕೆಲಸಕ್ಕೋ ದಾರಿ. ಇಲ್ಲವಾದರೆ ಆ ಹುಡುಗನಿಗೆ ಉಳಿಯುವುದು ಮಾವನ ಅಂಗಳ ಒಂದೇ.

“ನಾನು ಎಂತ ಹೇಳ್ಲಿಕ್ಕುಂಟು?” ಎಂದರು ಮಾವ, ಎಲೆಯಡಿಕೆ ಜಗಿಯುತ್ತಾ. “ಒಂಬತ್ತು ವರ್ಷ ಸಾಕಿದೆ. ಒಂದೇ ಒಂದು ದಿನ ಕೈ ಎತ್ತಲಿಲ್ಲ, ಬೇಕಾದ್ರೆ ಊರಲ್ಲಿ ಕೇಳಿ. ಸೇರು ತೌಡಿಗೆ ಬಂದ ಸಾಮಾನು ಮಾರಾಯ್ರೇ, ಇದಕ್ಕಿಂತ ಹೆಚ್ಚು ಬಾಳಿಕೆ ಬರ್ತದಾ?”

ಮ್ಯಾನೇಜರು ನಕ್ಕರು, ಹೆಡ್ಮಾಷ್ಟ್ರೂ ನಕ್ಕರು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ನಗಲೆಂದು ಹುಬ್ಬು ಮೇಲೆ ಹೋದದ್ದೇ ಗಾಯ ಚುರ್ ಎಂದಿತು. ನನ್ನ ಕಣ್ಣು ಹುಡುಗನ ಕಡೆಗೆ ಹೋಯಿತು. ಕಂಬಕ್ಕೆ ಒರಗಿ ನಿಂತಿದ್ದ. ಬಲಗೈಯ ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಅದರ ಮೇಲೆ ಬಿಗಿಯಾಗಿ ಮಡಚಿದ್ದವು. ಗೆಣ್ಣುಗಳೆಲ್ಲ ಬೆಳ್ಳಗಾಗಿದ್ದವು. ನಿನ್ನೆ ಬೋರ್ಡಿನ ಹತ್ತಿರ ಆ ಕೈಯಲ್ಲಿ ಕೈವಾರ ಇತ್ತು, ಇವತ್ತು ಏನೂ ಇರಲಿಲ್ಲ. ನನಗೆ ಕಂಡ ವ್ಯತ್ಯಾಸ ಅಷ್ಟೇ.

“ನನಗೆ ತಲೆ ಸುತ್ತುತ್ತದೆ. ರಿಪೋರ್ಟಿಗೆ ಹದಿನೈದು ದಿನ ಬೇಕು” ಎಂದೆ.

“ಹದಿನೈದು ದಿನವಾ? ಎಂತ, ರಾಮಾಯಣ ಬರೀಲಿಕ್ಕುಂಟಾ?” ಎಂದರು ಮ್ಯಾನೇಜರು. ಆದರೂ ಪಟ್ಟಿ ಕಟ್ಟಿದ ಮನುಷ್ಯನ ಹತ್ತಿರ ಹೆಚ್ಚು ಜಗ್ಗಾಡಲಿಲ್ಲ.

ಆ ಸಂಜೆ ಪೆಟ್ಟಿನ ಪುಸ್ತಕ ತೆರೆದು ಆ ಪುಟವನ್ನು ಓದಿದೆ. ‘ಸಹಪಾಠಿಗೆ ಕೊಡೆಯಿಂದ ಹೊಡೆದದ್ದು – ಆರು.’ ‘ಸ್ಲೇಟಿನಿಂದ ಹೊಡೆದದ್ದು – ಆರು.’ ಎಂಟರಲ್ಲಿ ಐದು ಸಾಲು ನನ್ನದೇ ಅಕ್ಷರ. ಒಂದರಲ್ಲೂ, ಹೊಡೆಯುವ ಮೊದಲು ಏನು ನಡೆಯಿತು ಎಂಬುದಿಲ್ಲ. ಬರೆಯಲು ಜಾಗವೇ ಇರಲಿಲ್ಲ. ಪುಸ್ತಕ ಮಾಡಿಸಿದವರಿಗೆ ಅದು ಬೇಕಾಗಿರಲಿಲ್ಲ, ನಮಗೂ ಬೇಕಾಗಿರಲಿಲ್ಲ.

ಮರುದಿನದಿಂದ ಅವನ ಕೈಯಲ್ಲಿ ಪೆಟ್ಟು ತಿಂದವರನ್ನು ಒಬ್ಬೊಬ್ಬರಾಗಿ ಗೇರು ಮರದ ಕೆಳಗೆ ಕರೆದು ಕೇಳಿದೆ. “ಅವನು ಹೊಡೆಯುವ ಮೊದಲು ನೀನು ಎಂತ ಹೇಳಿದ್ದೆ?”

“ಎಂತ ಇಲ್ಲ ಮಾಷ್ಟ್ರೇ. ಸುಮ್ಮನೆ ಹೊಡೆದ.”

ಮೊದಲ ಮೂವರೂ ಇದನ್ನೇ ಹೇಳಿದರು. ನಾಲ್ಕನೆಯವ ಸ್ವಲ್ಪ ತಮಾಷೆಯ ಹುಡುಗ. ನನ್ನ ಹಣೆಯ ಪಟ್ಟಿಯನ್ನೇ ನೋಡುತ್ತಾ ಹೇಳಿದ: “ನೀವು ಹೇಳಿದ್ದನ್ನೇ ಮಾಷ್ಟ್ರೇ. ನಾವು ಹೇಳಿದ್ರೆ ಕೊಡೆ, ನೀವು ಹೇಳಿದ್ರೆ ಕೈವಾರ. ದೊಡ್ಡವರಿಗೆ ದೊಡ್ಡದು.”

ಇವನು ಬಾಯಿ ಬಿಟ್ಟ ಮೇಲೆ ಉಳಿದವರೂ ಬಿಟ್ಟರು. ಒಬ್ಬ ತೌಡು ಎಂದಿದ್ದ. ಒಬ್ಬ ದನಕ್ಕೆ ಕೊಂಡೊಯ್ಯುವ ತೌಡಿನ ಚೀಲವನ್ನು ಅವನ ಮೂಗಿನ ಕೆಳಗೆ ಹಿಡಿದಿದ್ದ. ಒಬ್ಬ ಬರೀ ಹಿಂದಿನಿಂದ ನಕ್ಕಿದ್ದ. ಏಳನೆಯವ ಅವನ ಒಬ್ಬನೇ ಸ್ನೇಹಿತ. ಅವನೇನು ಅಂದಿದ್ದಾನು ಎಂದು ನನಗೆ ಆಶ್ಚರ್ಯ. ಕಡುಬಿನ ಅರ್ಧ ಮುರಿದು ಕೊಟ್ಟು, “ತಿನ್ನು, ನಿನ್ನ ಮನೆಯಲ್ಲಿ ಕೊಡ್ತಾರೋ ಇಲ್ಲವೋ” ಎಂದಿದ್ದನಂತೆ. ಅಷ್ಟಕ್ಕೇ ಮುಷ್ಟಿ ಬಿದ್ದಿತ್ತು. ಪಾಪ ಎಂದರೂ ಪೆಟ್ಟು, ಪಾಪಿ ಎಂದರೂ ಪೆಟ್ಟು.

ಪುಟದ ಬಲಬದಿಯಲ್ಲಿ ನಾಲ್ಕು ಬೆರಳಷ್ಟು ಖಾಲಿ ಇತ್ತು. ಸ್ಕೇಲು ಇಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಮೇಲೆ ‘ಮೊದಲು ಆಡಿದ ಮಾತು, ಆಡಿದವರು’ ಎಂದು ಬರೆದೆ. ಏಳು ಸಾಲು ತುಂಬಿಸಿದೆ. ಎಂಟನೆಯ ಸಾಲಿಗೆ ಬಂದಾಗ ಪೆನ್ನು ಶಾಯಿಯಲ್ಲಿ ಎರಡು ಸಲ ಅದ್ದಿದೆ. ಆಮೇಲೆ ಬರೆದೆ: ‘ತೌಡು ಕೊಟ್ಟು ತಂದದ್ದಾ. ಆಡಿದವರು: ಕ್ಲಾಸು ಮಾಷ್ಟ್ರು.’

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನೀರಿನ ತೋಡು ದಾಟಿ ಒಬ್ಬ ಮುದುಕಿಯ ಮನೆಗೆ ಹೋದೆ. ಹುಡುಗನನ್ನು ತೌಡಿಗೆ ‘ಮಾರಿದವಳು’ ಅವಳೇ ಎಂದು ಮಕ್ಕಳು ಹೇಳಿದ್ದರು. ಚಾಪೆ ಹಾಸಿ ಕೂರಿಸಿದಳು. ಅವಳು ತುಳುವಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಇವನ ತಾಯಿಗೆ ಇವನ ಮೊದಲು ಮೂರು ಹುಟ್ಟಿ ಮೂರೂ ಹೋದವು ಮಾಷ್ಟ್ರೇ. ನನ್ನ ಐದೂ ಉಳಿದಿದ್ದವು. ಹಾಗಾಗಿ ಇವ ಹುಟ್ಟಿದ ಹನ್ನೊಂದನೇ ದಿನಕ್ಕೆ ಬೇಲಿಯ ಮೇಲಿಂದ ನನ್ನ ಕೈಗೆ ಕೊಟ್ಟರು. ಈಗ ಇದು ನನ್ನ ಮಗು, ಅವರದ್ದಲ್ಲ, ಸಾವು ಹುಡುಕಿಕೊಂಡು ಬಂದರೆ ಮನೆ ತಪ್ಪಲಿ ಅಂತ. ಆಮೇಲೆ ತೌಡು ಅಳೆದು ಕೊಟ್ಟು ಕ್ರಯಕ್ಕೆ ತಕ್ಕೊಳ್ಳಬೇಕು. ಬೇಲಿಯ ಆಚೆ ಅವಳು, ಈಚೆ ನಾನು. ಮಗು ಅತ್ತಿತು. ಅಳೆಯುವಷ್ಟು ಹೊತ್ತು ಅವಳಿಗೆ ತಾಳಲಿಕ್ಕಾಗಲಿಲ್ಲ. ಗೆರಸೆಯಲ್ಲಿದ್ದಷ್ಟನ್ನೂ ನನ್ನ ಮೇಲೆ ಕವುಚಿ ಹಾಕಿ ಮಗುವನ್ನು ಕಸಿದುಕೊಂಡಳು. ತೌಡೆಲ್ಲ ನನ್ನ ತಲೆಗೆ! ಎರಡು ದಿನ ಸೀನಿದೆ.”

ನಾನು ಹಿರಿಹಿರಿ ಹಿಗ್ಗಿದೆ. ಕಡಲಿನಿಂದ ಮುತ್ತು ಎತ್ತಿ ತಂದವನ ಹಾಗೆ ಸೋಮವಾರ ಹುಡುಗನನ್ನು ಗೇರು ಮರದ ಕೆಳಗೆ ಕೂರಿಸಿ, ಈ ಕಥೆಯನ್ನು ರಸ ಕಟ್ಟಿ ಹೇಳಿದೆ. ನೋಡು, ನಿನ್ನ ತಾಯಿಗೆ ಎಷ್ಟು ಬೇಕಾಗಿದ್ದೆ ನೀನು ಎಂದೆ. ಅವನು ಕೇಳಿಸಿಕೊಂಡ. ಒಣಗಿದ ಎಲೆಯೊಂದನ್ನು ನರದ ಉದ್ದಕ್ಕೂ ಸೀಳುತ್ತಿದ್ದ.

“ಗೊತ್ತುಂಟು ಮಾಷ್ಟ್ರೇ. ಆ ಅಜ್ಜಿ ನಾನು ಸಣ್ಣದಿರುವಾಗಲೇ ಹೇಳಿದ್ದಾರೆ.”

“ಮತ್ತೆ?”

“ಮಾವನಿಗೂ ಗೊತ್ತುಂಟಲ್ಲ. ಗೊತ್ತಿದ್ದೇ ಹೇಳುವುದು.”

ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿದೆ.

“ಎಂತ ನಡೀತದೆ? ಎಂತ ಇಲ್ಲ. ಊಟಕ್ಕೆ ಕೂತ್ರೆ ಮಾವ ಕೇಳ್ತಾರೆ, ನಿನಗೆ ತೌಡು ಬೇಕಾ ಅನ್ನ ಬೇಕಾ ಅಂತ. ಅನ್ನ ಅಂತ ನಾನು ಹೇಳ್ಬೇಕು. ಗಟ್ಟಿ ಹೇಳ್ಬೇಕು. ಎಲ್ಲರೂ ನಗಾಡಿ ಮುಗಿದ ಮೇಲೆ ಬಡಿಸ್ತಾರೆ.”

“ದಿನಾಲೂ?”

“ಎರಡು ಹೊತ್ತೂ.” ಮತ್ತೆ ಎಲೆಯನ್ನು ನೋಡಿ ಹೇಳಿದ: “ಹೊಡೆದಿದ್ರೆ ಯಾರಿಗಾದ್ರೂ ತೋರಿಸ್ಬಹುದಿತ್ತು.”

ಒಂಬತ್ತು ವರ್ಷ, ದಿನಕ್ಕೆ ಎರಡು ಹೊತ್ತು. ಬಡಿಸುವವರಿಗೆ ಅದು ತಮಾಷೆ, ಕೇಳಿದ ಊರಿಗೆ ಅದು ಮಾವನ ವಿನೋದ. ಮನೆಗೆ ಹಕ್ಕುದಾರನಾಗಿ ಹುಟ್ಟಿದ ಅಳಿಯ, ಪ್ರತಿ ತುತ್ತಿನ ಮೊದಲು ತಾನು ಕ್ರಯಕ್ಕೆ ಬಂದವನೆಂದು ಒಪ್ಪಿಕೊಳ್ಳಬೇಕು. ಅಲ್ಲಿ ಎತ್ತಲಾಗದ ಕೈ ಗುಡ್ಡ ಹತ್ತಿ ಶಾಲೆಗೆ ಬರುತ್ತಿತ್ತು.

ಅಂದು ಎರಡನೆಯ ಪೀರಿಯಡಿಗೆ ಪೆಟ್ಟಿನ ಪುಸ್ತಕವನ್ನು ಕ್ಲಾಸಿಗೆ ಒಯ್ದೆ. ಮೂವತ್ತು ಮಕ್ಕಳ ಮುಂದೆ ಎಂಟನೆಯ ಸಾಲನ್ನು ಮಾತ್ರ ಓದಿದೆ. “ಇದನ್ನು ಆಡಿದ್ದು ನಾನು. ತಪ್ಪಾಯಿತು” ಎಂದು ಆ ಹುಡುಗನ ಕಡೆಗೆ ತಿರುಗಿ ಹೇಳಿದೆ. ಮುಂದಿನಿಂದ ಯಾರಿಗೆ ಪೆಟ್ಟು ಬಿದ್ದರೂ ಮೊದಲು ಆಡಿದ ಮಾತನ್ನು ಆಡಿದವರೇ ತಮ್ಮ ಕೈಯಲ್ಲಿ ಇದರಲ್ಲಿ ಬರೆಯಬೇಕು ಎಂದೆ. ತಟ್ಟಿಯ ಆಚೆ ಹೆಡ್ಮಾಷ್ಟ್ರ ಪಾಠ ನಿಂತದ್ದು ಕೇಳಿಸಿತು.

ಮಧ್ಯಾಹ್ನ ಅವರು ನನ್ನನ್ನು ಬದಿಗೆ ಕರೆದರು. “ಮಾಷ್ಟ್ರು ಮಕ್ಕಳ ಹತ್ರ ತಪ್ಪಾಯ್ತು ಹೇಳುವುದಾ? ಸರಿ. ನಾಳೆಯಿಂದ ನಾವು ಬೆಂಚಲ್ಲಿ ಕೂರುವ, ಅವರು ಪಾಠ ಮಾಡಲಿ.”

“ಗಣಿತ ಅವರಿಗೆ ಬಿಡಬೇಡಿ, ವೃತ್ತಕ್ಕೆ ಬಾಲ ಬರ್ತದೆ” ಎಂದೆ. ಅವರಿಗೆ ನಗು ಬರಲಿಲ್ಲ.

ನಾಲ್ಕು ದಿನ ಶಾಂತಿಯಿತ್ತು. ಐದನೆಯ ದಿನ, ಊಟದ ಬಿಡುವಿನಲ್ಲಿ, ಮೂರನೆಯ ಕ್ಲಾಸಿನ ಒಂದು ಮಗುವಿನ ಕಿವಿಯನ್ನು ಅವನು ರಕ್ತ ಬರುವ ಹಾಗೆ ಹಿಂಡಿದ. ಅದು ಮಾಡಿದ ತಪ್ಪು ನಕ್ಕದ್ದು. ನಕ್ಕದ್ದೂ ಇವನನ್ನು ನೋಡಿ ಅಲ್ಲ, ಇನ್ನೊಂದು ಮಗುವಿನ ಕೈಯಿಂದ ಕಾಗೆ ದೋಸೆ ಎತ್ತಿಕೊಂಡು ಹೋದದ್ದನ್ನು ನೋಡಿ. ಮಗುವಿನ ತಾಯಿ ಗದ್ದೆಯಿಂದ ಕೆಸರು ಕಾಲಿನಲ್ಲೇ ಓಡಿ ಬಂದಳು. ನಾನು ಪುಸ್ತಕ, ಕಾಲಂ ಎಂದು ಏನೋ ಹೇಳಹೊರಟೆ.

“ನಿಮ್ಮ ಪುಸ್ತಕ ನನ್ನ ಮಗನ ಕಿವಿ ಹೊಲೀತದಾ ಮಾಷ್ಟ್ರೇ?”

ಅವಳೇ ತೀರ್ಪು ಕೊಟ್ಟಳು. ಹುಡುಗನ ಕಡೆಗೆ ಬೆರಳು ತೋರಿಸಿ, “ನೀನು ಎಂಟು ದಿನ ನಮ್ಮಲ್ಲಿಗೆ ಬಂದು ಬಾವಿಯಿಂದ ನೀರು ಸೇದಿ ಹಾಕ್ಬೇಕು. ಇವನನ್ನು ಹೆಗಲಲ್ಲಿ ಕೂರಿಸಿ ಗುಡ್ಡ ಇಳಿಸ್ಬೇಕು. ಬೀಳಿಸಿದ್ರೆ ಮತ್ತೆ ಎಂಟು” ಎಂದಳು. ಅವನು ತಲೆಯಾಡಿಸಿದ. ಎಂಟೂ ದಿನ ಮಾಡಿದ. ನಮ್ಮ ಬೆತ್ತಕ್ಕಿಂತ ಆ ಹೆಂಗಸಿನ ನೀರೇ ಹೆಚ್ಚು ಕೆಲಸ ಮಾಡಿತು ಎಂದು ನನಗೆ ಈಗಲೂ ಅನಿಸುತ್ತದೆ.

ಕಿವಿ ಹಿಂಡಿದ ದಿನವೇ ಸಂಜೆ ಪುಸ್ತಕವನ್ನು ಅವನ ಮುಂದೆ ಇಟ್ಟಿದ್ದೆ. ಆ ಮಗು ಏನೂ ಆಡಿರಲಿಲ್ಲ. ಏನು ಬರೆಯುವುದು? ಅವನು ಪೆನ್ನು ಹಿಡಿದು ಕೆಂಪು ಗೆರೆಯ ಮೇಲೆ ಬಗ್ಗಿದ. ಆಮೇಲೆ ಕೇಳಿದ:

“ಮನೆಯಲ್ಲಿ ಆಡಿದ್ದನ್ನು ಬರೀಬಹುದಾ ಮಾಷ್ಟ್ರೇ?”

ಬರೆ ಎಂದೆ. ಆ ದಿನ ಬೆಳಗ್ಗೆ ಗಂಜಿಗೆ ಕೂತಾಗ ಕೊಯ್ಲಿಗೆ ಬಂದ ಆಳುಗಳ ಮುಂದೆಯೂ ಮಾವ ಅದೇ ಪ್ರಶ್ನೆ ಕೇಳಿದ್ದರು. ಆಳುಗಳೂ ನಕ್ಕಿದ್ದರು. ಅದನ್ನು ಬರೆದ. ಕೈ ನಿಲ್ಲಿಸಲಿಲ್ಲ. ಹಿಂದಿನ ವಾರದ್ದು ಬರೆದ, ಹಿಂದಿನ ವರ್ಷದ್ದು ಬರೆದ, ತಾಯಿಯ ಉತ್ತರಕ್ರಿಯೆಗೆ, ಬೊಜ್ಜದ ದಿನ, ಕೇಳಿದ್ದನ್ನು ಬರೆದ. ಕಾಲಂ ತುಂಬಿ ಕೆಳಗಿನ ಖಾಲಿ ಸಾಲುಗಳಿಗೆ ಹೋಯಿತು, ಪುಟ ತಿರುಗಿತು. ಅವನಿಗೆ ಅಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

ಎರಡು ದಿನ ಬಿಟ್ಟು ವರ್ಷದ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು. ಇನ್ಸ್‌ಪೆಕ್ಟರಿಗೆ ಎಳನೀರು ಹೆಡ್ಮಾಷ್ಟ್ರೇ ಕೆತ್ತಿ ಕೊಟ್ಟರು. ಮ್ಯಾನೇಜರು ಪಕ್ಕದಲ್ಲಿ ಕೂತಿದ್ದರು. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ಸಾಮಾನಿನ ಪುಸ್ತಕ ನೋಡಿಯಾಗಿ ಪೆಟ್ಟಿನ ಪುಸ್ತಕಕ್ಕೆ ಬಂದಾಗ ಅವರ ಬೆರಳು ಕೆಂಪು ಗೆರೆಯ ಮೇಲೆ ನಿಂತಿತು.

“ಇಲ್ಲದ ಕಾಲಂ ಹಾಕಲು ನಿಮಗೆ ಅಧಿಕಾರ ಕೊಟ್ಟವರು ಯಾರು?”

“ಯಾರೂ ಕೊಟ್ಟಿಲ್ಲ ಸಾರ್.”

“ಇಲ್ಲಿ ‘ಕ್ಲಾಸು ಮಾಷ್ಟ್ರು’ ಎಂದಿದೆಯಲ್ಲ, ಅವರು ಯಾರು?”

“ನಾನೇ.”

ಮ್ಯಾನೇಜರು ಕೆಮ್ಮಿದರು. “ಒಂದು ಮನೆಯ ಮರ್ಯಾದೆಯ ವಿಷಯ ಸಾರ್. ಆ ಹಾಳೆಯನ್ನು ಹರಿದು ಹಾಕಿಸುತ್ತೇನೆ.”

ಇನ್ಸ್‌ಪೆಕ್ಟರು ಆ ಪುಟವನ್ನೂ ಹುಡುಗ ಬರೆದ ಮುಂದಿನ ಪುಟವನ್ನೂ ಮೇಲಿನಿಂದ ಕೆಳಗಿನ ತನಕ ಓದಿದರು. ತಪಾಸಣೆಯ ವರದಿಯಲ್ಲಿ ‘ಅನಧಿಕೃತ ಕಾಲಂ ನಿಲ್ಲಿಸತಕ್ಕದ್ದು, ಕ್ಲಾಸು ಉಪಾಧ್ಯಾಯರಿಂದ ವಿವರಣೆ ಪಡೆಯತಕ್ಕದ್ದು’ ಎಂದು ಬರೆದರು. ನನಗೆ ಸಹಾಯವಾಗುವ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಆಮೇಲೆ ಹಸಿರು ಶಾಯಿಯ ಪೆನ್ನು ತೆಗೆದು ಆ ಎರಡೂ ಪುಟಗಳ ಕೆಳಗೆ ತಮ್ಮ ಚಿಕ್ಕ ರುಜು ಹಾಕಿದರು. ಇನ್ಸ್‌ಪೆಕ್ಟರ ಹಸಿರು ರುಜು ಬಿದ್ದ ಹಾಳೆಯನ್ನು ಹರಿಯುವುದು ಅಪರಾಧ. ಮ್ಯಾನೇಜರೂ ಹರಿಯುವಂತಿಲ್ಲ. ಅವರು ಅಭ್ಯಾಸಬಲದಿಂದ ಹಾಕಿದರೋ ತಿಳಿದೇ ಹಾಕಿದರೋ, ಬಸ್ಸಿನವರೆಗೆ ಅವರನ್ನು ಕಳಿಸಲು ಹೋದಾಗಲೂ ನನಗೆ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಅಡಿಕೆಯ ಕೊಳೆರೋಗದ ಬಗ್ಗೆ ಮಾತಾಡಿದರು.

ಹದಿನೈದನೆಯ ದಿನ ಬಂತು. ಮ್ಯಾನೇಜರು ಬಿಳಿ ಕಾಗದವನ್ನು ಮೇಜಿನ ಮೇಲೆ ತಾವೇ ಇಟ್ಟರು.

“ರಿಪೋರ್ಟು ಬರೆದ್ರೆ ನೀವು ಇಲ್ಲಿ ಇರ್ತೀರಿ. ಇಲ್ಲದಿದ್ರೆ ಮೊಗ್ರಾಲಿನಲ್ಲಿ ಬಲೆ ಬೀಸುವವರಿಗೆ ಮಗ್ಗಿ ಕಲಿಸ್ಬಹುದು.”

“ಅವರಿಗೆ ಮಗ್ಗಿ ನನಗಿಂತ ಚೆಂದ ಬರ್ತದೆ” ಎಂದೆ. ರಿಪೋರ್ಟು ಬರೆದೆ. ಎರಡೇ ವಾಕ್ಯ. ‘ನನ್ನ ಹಣೆಯ ಗಾಯಕ್ಕೆ ನಾನು ಕ್ಲಾಸಿನಲ್ಲಿ ಆಡಿದ ಮಾತು ಕಾರಣ. ಈ ವಿದ್ಯಾರ್ಥಿಯನ್ನು ಶಾಲೆಯಿಂದ ತೆಗೆಯಲು ನಾನು ಶಿಫಾರಸು ಮಾಡುವುದಿಲ್ಲ.’ ರುಜು ಹಾಕಿ ಅವರ ಮುಂದೆ ಸರಿಸಿದೆ. ಹೆದರಿಕೆಯೂ ಇತ್ತು, ಸಿಟ್ಟೂ ಇತ್ತು. ಪೆಟ್ಟು ತಿಂದವನೇ ದೂರು ಹೇಳದ ಮೇಲೆ ಹೆಡ್ಮಾಷ್ಟ್ರು ಶಿಫಾರಸು ಬರೆಯಲು ಒಪ್ಪಲಿಲ್ಲ. ಅವರೂ ನಿಯಮದ ಮನುಷ್ಯ. ಹುಡುಗನ ಹೆಸರು ಪರೀಕ್ಷೆಯ ಪಟ್ಟಿಯಲ್ಲಿ ಉಳಿಯಿತು.

ಇನ್ನೊಂದು ಕಟ್ಟೆ ದಾಟಬೇಕಿತ್ತು. ಪರೀಕ್ಷೆಯ ಅರ್ಜಿಗೆ ಪೋಷಕರ ರುಜು ಬೇಕು, ಅದೂ ಹೆಡ್ಮಾಷ್ಟ್ರ ಎದುರಿನಲ್ಲೇ. ಎರಡು ಸಲ ಹೇಳಿ ಕಳಿಸಿದ ಮೇಲೆ ಮಾವ ಬಂದರು. ಬೇರೆ ಮಕ್ಕಳ ತಂದೆಯರು ನಾಲ್ಕೈದು ಜನ ಜಗಲಿಯಲ್ಲಿ ಕೂತಿದ್ದರು. ಮಾವ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಇದಕ್ಕೆ ಫೀಸು ಎಂತ ಮಾಷ್ಟ್ರೇ? ತೌಡಲ್ಲಿ ಕೊಟ್ರೆ ಆಗ್ತದಾ?”

ಒಬ್ಬಿಬ್ಬರು ನಕ್ಕರು. ನಾನು ಹುಡುಗನ ಕೈ ನೋಡಿದೆ. ಹೆಬ್ಬೆರಳು ಒಳಗೆ ಹೋಗಿತ್ತು. ನಾನು ಅರ್ಧ ಎದ್ದೆ. ಅವನು ಮಾವನ ಕಡೆಗೆ ಹೋಗಲಿಲ್ಲ. ಬೀರುವಿನ ಹತ್ತಿರ ಹೋಗಿ ಪೆಟ್ಟಿನ ಪುಸ್ತಕ ತಂದು, ಮೇಜಿನ ಮೇಲೆ ಬಿಡಿಸಿ, ಪೆನ್ನನ್ನು ಶಾಯಿಗೆ ಅದ್ದಿ ಒಂದು ಸಾಲು ಬರೆದ.

“ಮಾವ, ಇದನ್ನು ಬರೆದಾಯ್ತು. ಊಟಕ್ಕೆ ಕೂತಾಗ ಕೇಳ್ತೀರಲ್ಲ, ಅದನ್ನೂ ಇಲ್ಲಿ ಇವರೆಲ್ಲರ ಎದುರು ಒಮ್ಮೆ ಕೇಳಿ. ಬರ್ಕೊಳ್ತೇನೆ.”

ಧ್ವನಿ ಒಡೆದಿತ್ತು, ಆ ಪ್ರಾಯದ ಧ್ವನಿ. ಜಗಲಿಯಲ್ಲಿ ಕೂತವರೊಬ್ಬರು, “ಎಂತ ಕೇಳುವುದಂತೆ?” ಎಂದು ಪಕ್ಕದವರನ್ನು ವಿಚಾರಿಸಿದರು. ಮಾವ ಪುಸ್ತಕವನ್ನು ನೋಡಿದರು. ತಮ್ಮ ಮಾತುಗಳು ಸಾಲಾಗಿ ಕೂತದ್ದನ್ನೂ, ಕೆಳಗೆ ಹಸಿರು ರುಜುವನ್ನೂ ಕಂಡರು. ಓದಲು ಬರುವ ಮನುಷ್ಯ. ಬಾಯಿಯ ಎಲೆಯಡಿಕೆ ಜಗಿಯುವುದು ನಿಂತಿತು. ಅರ್ಜಿಗೆ ರುಜು ಎಳೆದು ಎದ್ದರು.

“ಇವನಿಗೆ ನೀವು ಕಲಿಸಿದ್ದು ಇದನ್ನಾ?” ಎಂದರು ನನಗೆ.

“ಅಕ್ಷರ ನಾವು ಕಲಿಸಿದ್ದು. ಮಾತು ನಿಮ್ಮದೇ” ಎಂದೆ.

ಅಲ್ಲಿಗೆ ಎಲ್ಲ ನೆಟ್ಟಗಾಯಿತೆಂದು ಹೇಳಿದರೆ ಅದು ಕಥೆಯಾದೀತು. ಆ ವರ್ಷ ಅವನು ಇನ್ನೂ ಎರಡು ಸಲ ಹೊಡೆದ. ಒಂದು ಸಲ ಹೊಡೆಯಲು ಎತ್ತಿದ ಕೈಯನ್ನು ತಾನೇ ಇಳಿಸಿ, ಹೋಗಿ ಬಾವಿಕಟ್ಟೆಯ ಮೇಲೆ ಕೂತದ್ದನ್ನು ನಾನು ದೂರದಿಂದ ನೋಡಿದೆ. ಮನೆಯಲ್ಲಿ ಪ್ರಶ್ನೆ ನಿಂತಿತಂತೆ. ಅದರ ಬದಲು ಯಾರೂ ಅವನೊಡನೆ ಮಾತಾಡದಾದರು. ಅವನು ಪರೀಕ್ಷೆ ಬರೆದ, ಪಾಸಾದ, ಟ್ರೈನಿಂಗಿಗೆ ಅರ್ಜಿ ಹಾಕಿದ.

ಈ ಸಂಗತಿ ಹೇಳಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: “ನಮಗೂ ಅದನ್ನೇ ಹೇಳಿ ಸಾಕಿದ್ದು ಮಾರಾಯ್ರೇ, ನಮಗೆ ಎಂತ ಆಯ್ತು?” ನನಗೇನಾಯಿತೆಂದು ನಾನು ಹೇಳಬಲ್ಲೆ. ಅಜ್ಜಿಯಿಂದ ಕೇಳಿದ್ದನ್ನು ಇಪ್ಪತ್ತೈದು ವರ್ಷ ನಾಲಗೆಯ ತುದಿಯಲ್ಲಿ ಇಟ್ಟುಕೊಂಡು, ಮೂವತ್ತು ಮಕ್ಕಳ ಮುಂದೆ ಒಬ್ಬನ ಮೇಲೆ ಉಗುಳಿದೆ. ಅಜ್ಜಿಯ ಹತ್ತಿರ ಮೂಗು ಒರಸಲು ಸೆರಗಾದರೂ ಇತ್ತು.

ಬೇಸಗೆ ರಜೆ ಶುರುವಾಗುವ ದಿನ ನನಗೆ ಮ್ಯಾನೇಜರ ಚೀಟಿ ಬಂತು. ಬರುವ ವರ್ಷ ನನ್ನ ಅಗತ್ಯ ಇಲ್ಲ ಎಂದಿತ್ತು. ಅಂದೇ ಎಂಟನೆಯ ಕ್ಲಾಸಿನ ಸರ್ಟಿಫಿಕೇಟುಗಳನ್ನು ತುಂಬಿಸಬೇಕಿತ್ತು. ಅವನ ಕಾಗದ ಬಂದಾಗ ಹೆಡ್ಮಾಷ್ಟ್ರು ಮೆಲ್ಲಗೆ ಹೇಳಿದರು, “ನಡತೆಗೆ ‘ಪರವಾಗಿಲ್ಲ’ ಅಂತ ಹಾಕಿ, ಸಾಕು. ಹೋಗುವ ಹೊತ್ತಲ್ಲಿ ಎಂತಕ್ಕೆ ಇನ್ನೊಂದು ತರ್ಲೆ?”

ನಾನು ‘ಒಳ್ಳೆಯದು’ ಎಂದು ಬರೆದೆ. ಕೆಳಗೆ ನನ್ನ ರುಜುವನ್ನು ಕಾಗದದ ಹಿಂಬದಿಗೂ ಕಾಣುವ ಹಾಗೆ ಒತ್ತಿ ಹಾಕಿದೆ. ಆ ಶಾಲೆಯಲ್ಲಿ ನಾನು ಹಾಕಿದ ಕಡೆಯ ರುಜು ಅದು.